ಹರಿದದ್ದು ಎಲ್ಲಿತ್ತು ಹುಡುಕಿ

ನಮ್ಮ ಅತ್ತಿಗೆಯ ಕೆಲಸ ಚೆನ್ನಾಗಿ ಆಗಿದೆ ಅಂತ ಗೊತ್ತಾಗುವುದು ಅದು ಕಾಣದೇ ಹೋದಾಗ. ಇಂಥ ಹಾಳು ಕಸುಬು ಭೂಮಿಯ ಮೇಲೆ ಇನ್ನೊಂದಿಲ್ಲ ಅಂತ ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ. ಬಡಗಿ ಕುರ್ಚಿ ಮಾಡಿದರೆ ಕುರ್ಚಿ ಕಣ್ಣಿಗೆ ಕಾಣುತ್ತದೆ. ದರ್ಜಿ ಅಂಗಿ ಹೊಲಿದರೆ ಯಾರು ಹೊಲಿದದ್ದು ಅಂತ ನಾಲ್ಕು ಜನ ಕೇಳುತ್ತಾರೆ. ಅತ್ತಿಗೆ ಮಾಡುವುದು ರಫು. ಇಲಿ ಕಡಿದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಶಾಲು, ಎಲ್ಲ ಅವಳ ಮುಂದೆ ಬಂದು ಬೀಳುತ್ತವೆ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿನ ಜಾಗದಲ್ಲಿ ಹಾಸು ಹೊಕ್ಕು ಕೂಡಿಸಿ ನೇಯುತ್ತಾಳೆ. ಮುಗಿದ ಮೇಲೆ ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಬಟ್ಟೆ ಇರುತ್ತದೆ, ಅಷ್ಟೇ.

ನಾನು ಅವಳ ನಾದಿನಿ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಅಣ್ಣನ ಮನೆಯಲ್ಲೇ ಉಳಿದವಳು. ಅಣ್ಣ ಬಸ್ಸು ಓಡಿಸುತ್ತಾನೆ. ಅಂಗಡಿಗೆ ಅವನಿಂದ ಆಗುವ ಉಪಕಾರ ಅಂದರೆ ಮಧ್ಯಾಹ್ನ ಬಂದು ಕೌಂಟರಿಗೆ ಒರಗಿ ಆಕಳಿಸುವುದು. ಅಂಗಡಿ ಅತ್ತಿಗೆಯ ಅಪ್ಪ ಇಟ್ಟದ್ದು. ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿದೆ, ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮುಂದೆ ಒಂದು ಕೌಂಟರು, ಹಿಂದೆ ಒಂದು ಕಿಟಕಿ, ಕಿಟಕಿಯ ಕೆಳಗೆ ಅತ್ತಿಗೆಯ ಸ್ಟೂಲು. ಬೆಳಕು ಬರುವುದು ಅಲ್ಲಿಂದ ಮಾತ್ರ, ಹಾಗಾಗಿ ಅತ್ತಿಗೆ ದಿನವಿಡೀ ಗಿರಾಕಿಗಳಿಗೆ ಬೆನ್ನು ಹಾಕಿಕೊಂಡೇ ಕೂರುತ್ತಾಳೆ. ವರ್ಷಗಟ್ಟಲೆ ಬಂದು ಹೋದವರಿಗೂ ಅವಳ ಮುಖ ಸರಿಯಾಗಿ ಗೊತ್ತಿಲ್ಲ.

ಕೌಂಟರು ನನ್ನದು. ಬಟ್ಟೆ ಬಂದ ಕೂಡಲೇ ಅದನ್ನು ಬೆಳಕಿಗೆ ಹಿಡಿದು, ಗಿರಾಕಿ ತೋರಿಸಿದ ತೂತು, ತೋರಿಸದ ತೂತು ಎರಡನ್ನೂ ಹುಡುಕಿ, ಸುತ್ತ ಬಿಳಿ ದಾರದ ಒಂದು ಸಡಿಲ ಕುಣಿಕೆ ಹಾಕುತ್ತೇನೆ. ಆ ಗುರುತು ನೋಡಿಕೊಂಡು ಅತ್ತಿಗೆ ಕೂರುತ್ತಾಳೆ. ಕೆಲಸ ಮುಗಿದ ಮೇಲೆ ಬಿಳಿ ದಾರವನ್ನು ಹಲ್ಲಿನಲ್ಲಿ ಕಡಿದು ಎಳೆದುಬಿಡುತ್ತಾಳೆ. ಅಲ್ಲಿಗೆ ಅವಳಿಗೂ ಆ ತೂತಿಗೂ ಋಣ ಹರಿಯಿತು, ಮುಂದಿನ ಬಟ್ಟೆ ಎಳೆದುಕೊಳ್ಳುತ್ತಾಳೆ. ನನಗೆ ಮಾತ್ರ ಮರೆಯುವುದಿಲ್ಲ. ದಾರ ಕಟ್ಟಿದ ಕೈ ನನ್ನದಲ್ಲವೇ? ಬೀದಿಯಲ್ಲಿ ಹೋಗುವವರನ್ನು ಕಂಡರೆ ನನ್ನ ಕಣ್ಣು ಮುಖಕ್ಕೆ ಹೋಗುವುದೇ ಇಲ್ಲ. ನೇರ ಮೊಣಕೈಗೋ ಜೇಬಿನ ಅಂಚಿಗೋ ಹೋಗಿ, ಓ, ಇವರದು ಇಲ್ಲಿತ್ತು ಅಂತ ನಿಲ್ಲುತ್ತದೆ.

ಅತ್ತಿಗೆಯ ಅಪ್ಪನ ಕಾಲದಿಂದ ಅಂಗಡಿಯಲ್ಲಿ ಒಂದು ಪದ್ಧತಿ. ಬಟ್ಟೆ ವಾಪಸ್ ಕೊಡುವಾಗ ಅದನ್ನು ಕೌಂಟರಿನ ಮೇಲೆ ಹರಡಿ, “ಹರಿದದ್ದು ಎಲ್ಲಿತ್ತು ಹುಡುಕಿ” ಅನ್ನಬೇಕು. ಗಿರಾಕಿ ಹುಡುಕಿದರೆ ದುಡ್ಡು ಬೇಡ. ಜನ ಮೂಗನ್ನು ಬಟ್ಟೆಗೆ ತಾಗಿಸಿ ನೋಡುತ್ತಾರೆ, ಉಗುರಿನಲ್ಲಿ ಕೆರೆಯುತ್ತಾರೆ, ಕೊನೆಗೆ ನಗುತ್ತಾರೆ. ಅವರು ನಕ್ಕಾಗ ಕಿಟಕಿಯ ಕಡೆ ತಿರುಗಿದ ಅತ್ತಿಗೆಯ ಬೆನ್ನು ಒಂಚೂರು ನೆಟ್ಟಗಾಗುತ್ತದೆ. ಹುಡುಕದೇ ಇದ್ದವರು ಒಬ್ಬರೇ, ನಮ್ಮ ಪಿಟೀಲು ಮೇಷ್ಟ್ರು. ಸ್ಟೇಷನ್ ಹತ್ತಿರದ ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ದಿನಾ ಸಂಜೆ ಪಿಟೀಲು ನುಡಿಸುತ್ತಾರೆ. ಅವರಿಗಿರುವುದು ಒಂದೇ ಕರಿ ಕೋಟು. “ಎಲ್ಲೋ ಹುಳ ಹೊಡೆದಿರ್ಬೇಕು, ನೋಡಮ್ಮ” ಅಂತ ಪೇಪರಿನಲ್ಲಿ ಸುತ್ತಿ ತಂದುಕೊಡುತ್ತಾರೆ. ವಾಪಸ್ ಕೊಟ್ಟರೆ ನೋಡದೆ ತೊಟ್ಟುಕೊಂಡು ಹೋಗುತ್ತಾರೆ.

ಈಗ ಹೊಟ್ಟೆಕಿಚ್ಚಿನ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುವ ಪೈಕಿ ನಾನಲ್ಲ.

ಅತ್ತಿಗೆಗೆ ಒಬ್ಬಳು ತಂಗಿ ಇದ್ದಾಳೆ. ಅಪ್ಪನ ಹತ್ತಿರ ಅಕ್ಕನ ಪಕ್ಕದಲ್ಲೇ ಕೂತು ಸೂಜಿ ಹಿಡಿಯಲು ಕಲಿತವಳು. ಮೂರು ವರ್ಷದ ಹಿಂದೆ ಮುಖ್ಯ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿದಳು. ಅಲ್ಲಿ ತೂತನ್ನು ಮುಚ್ಚುವುದಿಲ್ಲ, ತೂತಿಗೆ ಮೆರವಣಿಗೆ ಮಾಡಿಸುತ್ತಾರೆ. ಮೊಣಕಾಲು ಹರಿದಿದ್ದರೆ ಅದರ ಮೇಲೊಂದು ಹಳದಿ ಹಕ್ಕಿ. ಬೆನ್ನು ಸುಟ್ಟಿದ್ದರೆ ಅಂಗೈಯಗಲದ ಸೂರ್ಯಕಾಂತಿ. ಅಕ್ಕಪಕ್ಕದಲ್ಲಿ ನೀಲಿ ಕೆಂಪು ಹೊಲಿಗೆ ಗೀಟು. ಇದನ್ನೆಲ್ಲ ವೀಡಿಯೊ ಮಾಡಿ ಫೋನಿಗೆ ಹಾಕುತ್ತಾಳೆ. ಹಿಂದೆ ಸಂಗೀತ, ಮುಂದೆ ಅವಳ ಬಣ್ಣ ಹಚ್ಚಿದ ಉಗುರು, ಸೂಜಿ ಒಮ್ಮೆ ಹೊಳೆದು ಒಳಗೆ ಹೋಗುವುದು, ಕೊನೆಗೆ ಬಟ್ಟೆ ಕೊಡವಿ ತಲೆ ವಾರೆ ಮಾಡಿ ನಗುವುದು. ಅದಕ್ಕೆ ಸಾವಿರಗಟ್ಟಲೆ ಹೃದಯದ ಗುರುತು. ಜನ ಚೆನ್ನಾಗಿರುವ ಪ್ಯಾಂಟನ್ನು ಬೇಕಂತಲೇ ಹರಿದುಕೊಂಡು ಅವಳ ಅಂಗಡಿಗೆ ಹೋಗುತ್ತಾರೆ ಅಂತ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಅವಳನ್ನು ಮಹಾರಾಣಿ ಅಂತ ಕರೆಯುತ್ತಿದ್ದೆ, ಅವಳ ಎದುರಿಗಲ್ಲ. ಮಹಾರಾಣಿಯ ಒಂದು ವೀಡಿಯೊವನ್ನೂ ನಾನು ಬಿಟ್ಟವಳಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ, ಎಲ್ಲಾದರೂ ಹೊಲಿಗೆ ಸೊಟ್ಟಗಾಗಿದೆಯೇ ಅಂತ ಹಿಗ್ಗಿಸಿ ನೋಡುತ್ತಿದ್ದೆ. ಸೊಟ್ಟ ಕಂಡರೆ ಆ ದಿನ ಕಾಫಿ ರುಚಿಯಾಗುತ್ತಿತ್ತು. ಹೃದಯ ಮಾತ್ರ ಒತ್ತಲಿಲ್ಲ, ನನ್ನ ಕೈ ಅಷ್ಟು ಅಗ್ಗವಲ್ಲ.

ಅತ್ತಿಗೆಗೆ ಇದೆಲ್ಲ ತಾಕುವುದಿಲ್ಲ ಅಂದುಕೊಂಡಿದ್ದೆ. ಅವಳಿಗೆ ಅಂಥ ಫೋನೂ ಇಲ್ಲ, ಗುಂಡಿ ಒತ್ತುವ ಹಳೇ ಫೋನು. ಒಂದು ದಿನ ನಾನು ಟೀ ತರಲು ಹೋಗುವಾಗ ಫೋನನ್ನು ಕೌಂಟರಿನ ಮೇಲೆ ಬಿಟ್ಟಿದ್ದೆ. ಬಂದು ನೋಡಿದರೆ ಫೋನು ಅಲ್ಲೇ ಇದೆ, ಆದರೆ ಬಿಸಿಯಾಗಿದೆ. ತೆರೆದರೆ ಮಹಾರಾಣಿಯ ಪುಟ, ಒಂದು ವರ್ಷದ ಹಿಂದಿನ ವೀಡಿಯೊ. ಅಷ್ಟು ಹಿಂದಕ್ಕೆ ಹೋಗಬೇಕಾದರೆ ಬೆರಳು ಎಷ್ಟು ಹೊತ್ತು ಎಳೆಯಬೇಕು. ಅತ್ತಿಗೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಸೂಜಿಯಲ್ಲಿ ಎಳೆಯೇ ಇರಲಿಲ್ಲ.

“ನೋಡಿದ್ಯಾ?” ಅಂದೆ.

“ಏನನ್ನ?”

“ನಿನ್ನ ತಂಗಿನ.”

“ಹೊಲಿಗೆ ಮೊದಲಿನಿಂದ್ಲೂ ಹಂಗೇ ಅವಳದು. ದೊಡ್ಡ ದೊಡ್ಡದು” ಅಂದಳು ಅತ್ತಿಗೆ. ಒಂದು ಗುಟುಕು ಟೀ ಕುಡಿದು ಮತ್ತೆ ಹೇಳಿದಳು: “ಅಷ್ಟು ಜನ ನೋಡ್ತಾರಲ್ಲೇ.”

ನನಗೆ ಒಳಗೊಳಗೇ ಸಮಾಧಾನವಾಯಿತು. ಉರಿಯುತ್ತಿರುವುದು ನನ್ನದೊಂದೇ ಹೊಟ್ಟೆಯಲ್ಲ.

ಆ ಹೊತ್ತಿಗೆ ನಮ್ಮಲ್ಲಿ ಕೆಲಸ ಕಡಿಮೆಯಾಗಿತ್ತು. ಹರಿದರೆ ಬಿಸಾಕಿ ಹೊಸದು ತೆಗೆದುಕೊಳ್ಳುವವರೇ ಹೆಚ್ಚು, ಉಳಿದವರಿಗೆ ಹಳದಿ ಹಕ್ಕಿ ಬೇಕು. ನಾನು ಕೌಂಟರಿನಲ್ಲಿ ನೊಣ ಹೊಡೆಯುತ್ತ ಕೂರುತ್ತಿದ್ದೆ. ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತಿತ್ತು. ಮುಂದಿನ ಬಟ್ಟೆ ಅಂಗಡಿಯವರು ನಮ್ಮ ಜಾಗವನ್ನು ಗೋದಾಮಿಗೆ ಕೇಳುತ್ತಿದ್ದಾರೆ, ನೀವು ಉಳಿಯುತ್ತೀರೋ ಬಿಡುತ್ತೀರೋ ತಿಂಗಳೊಳಗೆ ಹೇಳಿ ಅಂತ ಮಾಲೀಕರು ಹೇಳಿ ಕಳಿಸಿದ್ದರು. ವಾಸನೆ ಹಿಡಿದ ಹಾಗೆ ಮಾರನೆಯ ದಿನವೇ ಮಹಾರಾಣಿಯ ಸವಾರಿ ಬಂತು.

“ಅಕ್ಕ, ಇದನ್ನ ಮುಚ್ಚಿ ನನ್ನ ಅಂಗಡಿಗೆ ಬಂದ್ಬಿಡು. ಎಸಿ ಇದೆ, ಒಳ್ಳೆ ಕುರ್ಚಿ ಹಾಕಿಸ್ಕೊಡ್ತೀನಿ. ಮೂಲೆಲಿ ಕೂತು ರಫು ಮಾಡ್ಕೊಂಡಿರು. ಈ ಕತ್ತಲೆಲಿ ಕಣ್ಣು ಯಾಕೆ ಹಾಳು ಮಾಡ್ಕೊಳ್ತೀಯ?”

“ಇವಳು?” ಅತ್ತಿಗೆ ನನ್ನ ಕಡೆ ಗಲ್ಲ ಎತ್ತಿದಳು.

“ಅವಳಿಗೂ... ನೋಡೋಣ, ಏನಾದ್ರೂ ಮಾಡೋಣ.”

ಆ “ನೋಡೋಣ” ಕಿವಿಗೆ ಬಿದ್ದಾಗ ಆದ ಸಂಕಟ ನನಗೇ ಗೊತ್ತು. ಅವಳ ಅಂಗಡಿಯ ಕೌಂಟರಿನಲ್ಲಿ ತುಟಿಗೆ ಬಣ್ಣ ಹಚ್ಚಿದ ಇಬ್ಬರು ಆಗಲೇ ಇದ್ದಾರೆ. ತೂತನ್ನು ಎತ್ತಿ ತೋರಿಸುವ ಅಂಗಡಿಯಲ್ಲಿ ಬಿಳಿ ದಾರದ ಗುರುತು ಯಾರಿಗೆ ಬೇಕು? ಅಕ್ಕ ತಂಗಿ ಒಂದಾಗುತ್ತಾರೆ, ನಾನು ಮನೆಯಲ್ಲಿ ಕೂತು ಅಣ್ಣನ ಆಕಳಿಕೆ ಎಣಿಸಬೇಕು. ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ಅವತ್ತು ಇನ್ನೊಂದು ಮುಖ ಬಂತು. ಅವಳು ಅತ್ತಿಗೆಯನ್ನು ನನ್ನಿಂದ ಕಿತ್ತುಕೊಳ್ಳಲು ಬಂದಿದ್ದಳು.

ಅವಳು ಹೋದ ಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯವನು ತಲೆ ಹಾಕಿದ. ಗೋಡೆಗೆ ಕಿವಿ ಇಟ್ಟುಕೊಂಡೇ ಇರುತ್ತಾನೆ. “ಅಕ್ಕ, ಈಗ ಫೋನಲ್ಲಿ ಇಲ್ಲ ಅಂದ್ರೆ ಅಂಗಡಿನೇ ಇಲ್ಲ ಅಂತ ಲೆಕ್ಕ. ನೀವೂ ಒಂದು ಪೇಜ್ ಮಾಡಿ. ನಾನು ಮಾಡ್ಕೊಡ್ತೀನಿ.”

“ಕಾಣದೇ ಇರೋ ಕೆಲಸನ ಏನಂತ ತೋರಿಸೋದಪ್ಪಾ?” ಅಂದಳು ಅತ್ತಿಗೆ.

“ತೋರಿಸ್ದೆ ಇದ್ರೆ ಶಟರ್ ಎಳಿ, ಹೋಗಿ ತಂಗಿ ಮೂಲೆಲಿ ಕೂತ್ಕೋ” ಅಂದೆ ನಾನು.

ಆ ಮಾತು ನಾಟಿತು. ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ಮಾಡು, ನೋಡೋಣ” ಅಂದಳು.

ಮೊದಲ ಫೋಟೊ ಒಂದು ಕಂದು ಬಣ್ಣದ ಪ್ಯಾಂಟಿನದು. ಅತ್ತಿಗೆ ಇಡೀ ದಿನ ಕೂತು ಮಾಡಿದ ಅದ್ಭುತ ಕೆಲಸ. ಹತ್ತಿರದಿಂದ ತೆಗೆದು ಹಾಕಿದೆ. ಫೋನಿನಲ್ಲಿ ಕಂಡದ್ದು ಕಂದು ಬಣ್ಣ, ಅದು ಬಿಟ್ಟರೆ ಇನ್ನೂ ಕಂದು ಬಣ್ಣ. ಎರಡು ಹೃದಯ ಬಂತು, ಒಂದು ನನ್ನದು, ಇನ್ನೊಂದು ಜೆರಾಕ್ಸಿನವನದು. ಯಾರೋ ಪುಣ್ಯಾತ್ಮರು “ಮೀಟರ್ ಎಷ್ಟು?” ಅಂತ ಕೇಳಿದ್ದರು. ಬಟ್ಟೆ ಮಾರುವವರು ಅಂದುಕೊಂಡಿದ್ದರು ನಮ್ಮನ್ನು. ಮಾರನೆಯ ದಿನ ಬೂದು ಬಣ್ಣದ ಶಾಲು ಹಾಕಿದೆ. “ಚೆನ್ನಾಗಿದೆ, ಆದ್ರೆ ಏನಿದು?” ಅಂತ ಬಂತು. ಅತ್ತಿಗೆ ದಿನಾ ಬಂದ ಕೂಡಲೇ ಬ್ಯಾಗು ಇಡುವ ಮೊದಲೇ “ಎಷ್ಟಾಯ್ತು?” ಅಂತ ಕೇಳುತ್ತಿದ್ದಳು. ನಾನು “ಇನ್ನೂ ಬರ್ತಿದೆ” ಅನ್ನುತ್ತಿದ್ದೆ. ಏನೂ ಬರುತ್ತಿರಲಿಲ್ಲ.

ಆಗ ಮೇಷ್ಟ್ರ ಕೋಟು ಬಂತು. ಎಂದಿನ ಹಾಗೆ ಪೇಪರಿನಲ್ಲಿ ಸುತ್ತಿದ್ದು, ಎಂದಿನ ಹಾಗೆ “ಎಲ್ಲೋ ಹುಳ ಹೊಡೆದಿರ್ಬೇಕು”. ಬೆಳಕಿಗೆ ಹಿಡಿದರೆ ಹುಳ ಊಟ ಮಾಡಿ ಕೈತೊಳೆದುಕೊಂಡು ಹೋಗಿತ್ತು. ನನ್ನ ಬೆರಳು ಆಚೆ ಬರುವಷ್ಟು ದೊಡ್ಡ ತೂತು. ಅತ್ತಿಗೆ ನನ್ನ ಬೆರಳನ್ನೇ ನೋಡುತ್ತ, “ಹಂಗೇ ಇರು. ಫೋಟೊ ತೆಗಿ” ಅಂದಳು.

“ಏನಕ್ಕೆ?”

“ಮೊದಲು ತೂತಿನದ್ದೊಂದೇ ಹತ್ರದಿಂದ ತೆಗೆದು ಹಾಕು. ಆಮೇಲೆ ಪೂರ್ತಿ ಕೋಟು ಹಾಕಿ, ಹರಿದದ್ದು ಎಲ್ಲಿತ್ತು ಹುಡುಕಿ ಅಂತ ಬರಿ. ಅಪ್ಪ ಕೇಳ್ತಿದ್ದ ಹಾಗೆ.” ಅವಳ ಮುಖ ಕೆಂಪಾಗಿತ್ತು. “ಅವಳದ್ದಕ್ಕಿಂತ ಜಾಸ್ತಿ ಜನ ನೋಡ್ಬೇಕು ಕಣೇ. ಒಂದು ಸಲನಾದ್ರೂ.”

“ಮೇಷ್ಟ್ರನ್ನ ಒಂದು ಮಾತು ಕೇಳೋಣ್ವಾ?”

“ಅವರ ಮುಖ ಹಾಕ್ತಿದ್ದೀವಾ? ಕೋಟು ತಾನೆ?”

ನನಗೂ ಹೌದು ಅನ್ನಿಸಿತು. ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ನಮ್ಮ ಕಣ್ಣಿಗೆ ಬಟ್ಟೆ ಅಂದರೆ ತೂತು, ತೂತು ಹೋದರೆ ಅಲ್ಲಿ ಗುರುತು ಹಿಡಿಯಲು ಏನೂ ಉಳಿಯಲಿಲ್ಲ ಅಂತ ಲೆಕ್ಕ. ಉಳಿದ ಜನ ಕೋಟನ್ನು ನೋಡುತ್ತಾರೆ ಅನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಆ ಕೋಟಿನ ಒಳಬಟ್ಟೆ ಕೆಂಪು ರೇಷ್ಮೆಯದು. ಪಿಟೀಲಿನ ಮೇಲೆ ಕಮಾನು ಎಳೆಯಲು ಮೇಷ್ಟ್ರು ಕೈ ಎತ್ತಿದಾಗಲೆಲ್ಲ ಅದು ಒಂದಿಷ್ಟು ಹೊರಗೆ ಕಾಣುತ್ತದೆ. ಊರಿಗೆಲ್ಲ ಗೊತ್ತಿರುವ ಸಂಗತಿ.

ಅತ್ತಿಗೆ ಆ ಕೋಟಿನ ಮೇಲೆ ತನ್ನ ಜೀವಮಾನದ ಕೆಲಸ ಮಾಡಿದಳು. ಬಿಳಿ ದಾರ ಕಡಿದ ಮೇಲೆ ಹ್ಯಾಂಗರಿಗೆ ಹಾಕಿ ಕಿಟಕಿಗೆ ನೇತುಹಾಕಿದೆವು, ಕೋಟಿನ ಮುಂಭಾಗ ತುಸು ತೆರೆದುಕೊಂಡು ಕೆಂಪು ಇಣುಕುತ್ತಿತ್ತು. ಫೋಟೊ ಚೆನ್ನಾಗಿ ಬಂತು ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಎರಡೂ ಫೋಟೊ ಹಾಕಿ ಅತ್ತಿಗೆಯ ಅಪ್ಪನ ಮಾತು ಬರೆದೆ.

ಅಬ್ಬಾ, ಆಮೇಲಿನ ದಿನಗಳು. ಫೋನು ಕೌಂಟರಿನ ಮೇಲೆ ನಡುಗುತ್ತಲೇ ಇತ್ತು. ಕಾಲರ್ ಅಂದರು, ಎಡ ಜೇಬು ಅಂದರು, ಬೆನ್ನು ಅಂದರು, ಒಬ್ಬ ಇದೆಲ್ಲ ಸುಳ್ಳು, ಬೇರೆ ಕೋಟು ಅಂದ. ಇನ್ನೊಬ್ಬ ಅವನ ಜೊತೆ ಜಗಳಕ್ಕೆ ಬಿದ್ದ. ಮಹಾರಾಣಿಯ ಹಳದಿ ಹಕ್ಕಿಯನ್ನು ದಾಟಿ, ಸೂರ್ಯಕಾಂತಿಯನ್ನೂ ದಾಟಿ ಹೃದಯಗಳು ಬಂದವು. ಕೊನೆಗೆ ಅವಳದೇ ಒಂದು ಹೃದಯ ಬಂತು, ಕೆಳಗೆ ಒಂದು ಸಾಲು: “ಬಲ ತೋಳು?”

“ತಪ್ಪು” ಅಂದಳು ಅತ್ತಿಗೆ, ನಾನು ಓದಿ ಹೇಳಿದ ಕೂಡಲೇ. ಇನ್ನೊಂದು ಸಲ ಓದಿಸಿದಳು. ಆಮೇಲೆ ಸಂಜೆಯವರೆಗೂ ಗುನುಗುತ್ತ ಕೆಲಸ ಮಾಡಿದಳು. ಅವಳು ಗುನುಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಶ್ರುತಿ ಇಲ್ಲ, ತಾಳ ಇಲ್ಲ, ಆದರೂ ನನಗೆ ಹಿತವಾಗಿತ್ತು. ಗಲ್ಲಿಯಲ್ಲಿ ಹೊಸ ಮುಖಗಳು ಕಾಣಿಸಿಕೊಂಡವು. ಕೌಂಟರಿನ ಮೇಲೆ ಬಟ್ಟೆ ಬಿತ್ತು. ಉಳಿಯುತ್ತೇವೆ ಅಂತ ಮಾಲೀಕರಿಗೆ ಹೇಳಿಬಿಡೋಣ ಅಂತ ನಾನು ಕುಣಿಯುತ್ತಿದ್ದೆ. ಮೇಷ್ಟ್ರು ಬಂದು ಕೋಟು ತೊಟ್ಟುಕೊಂಡು ಹೋದರು. ಅವರಿಗೆ ಫೋನಿನ ಗೊಡವೆ ಇಲ್ಲ, ನಾವೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಫೋನು ತೆರೆದರೆ, ಹಿಂದಿನ ಮಧ್ಯಾಹ್ನವೇ ಯಾರೋ ಬರೆದಿದ್ದರು: “ಇದು ಹೋಟೆಲಲ್ಲಿ ಪಿಟೀಲು ಬಾರಿಸೋರ ಕೋಟಲ್ವಾ? ಆ ಕೆಂಪು ನೋಡಿ.” ಅದರ ಕೆಳಗೆ ಸಾಲುಸಾಲಾಗಿ ಹೌದು, ಹೌದು, ನಾನೂ ನೋಡಿದ್ದೇನೆ, ಇವತ್ತು ಹೋಗಿ ಹುಡುಕುತ್ತೇನೆ. ಅತ್ತಿಗೆಗೆ ಹೇಳುವಷ್ಟರಲ್ಲಿ ಮೇಷ್ಟ್ರೇ ಗಲ್ಲಿಯಲ್ಲಿ ಬರುತ್ತಿದ್ದರು. ಕೋಟು ಕೈಯ ಮೇಲಿತ್ತು, ಪೇಪರು ಇರಲಿಲ್ಲ.

ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

“ನಿನ್ನೆ ಹಾಲ್ ತುಂಬಿತ್ತಮ್ಮ” ಅಂದರು. “ಎದ್ದು ಎದ್ದು ಹತ್ರ ಬರ್ತಿದ್ರು. ನನ್ನ ವಾದ್ಯ ಇಷ್ಟ ಆಗಿ ಬರ್ತಿದ್ದಾರೆ ಅಂದ್ಕೊಂಡೆ. ಕಣ್ಣು ಮುಚ್ಚಿ ಚೆನ್ನಾಗಿ ಬಾರಿಸ್ದೆ. ತೆಗೆದು ನೋಡಿದ್ರೆ ಒಬ್ಬ ನನ್ನ ತೋಳಿನ ಹತ್ರ ಬಗ್ಗಿ ನಿಂತಿದ್ದಾನೆ, ಕೈಯಲ್ಲಿ ಫೋನು. ಒಬ್ರೂ ಕೇಳ್ತಾ ಇರ್ಲಿಲ್ಲ. ಎಲ್ರೂ ಹುಡುಕ್ತಾ ಇದ್ರು.”

ಅತ್ತಿಗೆ ಸ್ಟೂಲಿನಿಂದ ಎದ್ದು ಈ ಕಡೆ ತಿರುಗಿದಳು.

“ನಿಮ್ಮಪ್ಪ ಇದ್ದಾಗ್ಲಿಂದ ಇಲ್ಲಿಗೆ ಬರ್ತಿದ್ದೀನಿ. ಇಲ್ಲಿಗೆ ಬಂದದ್ದು ಯಾರಿಗೂ ಗೊತ್ತಾಗಲ್ಲ ಅಂತಾನೇ ಬರ್ತಿದ್ದೆ” ಅಂದರು ಮೇಷ್ಟ್ರು. ಕೋಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟುಹೋದರು.

ಅತ್ತಿಗೆ ನನ್ನ ಕಡೆ ನೋಡದೆ, “ತೆಗಿ” ಅಂದಳು.

“ಫೋಟೊ ತೆಗಿತೀನಿ. ಪೇಜ್ ಇರ್ಲಿ. ಈಗ ತಾನೆ ಜನ ಬರ್ತಿದ್ದಾರೆ.”

“ಎಲ್ಲ ತೆಗಿ.”

“ಅತ್ತಿಗೆ, ಕರಾರು...”

“ನಮ್ಮ ಹತ್ರ ಬರೋರು ಹರಿದದ್ದನ್ನ ಮುಚ್ಚಿಡೋಕೆ ಬರೋದು. ಅದನ್ನೇ ನಾನು ಊರಿಗೆಲ್ಲ ತೋರಿಸ್ದೆ. ಯಾಕೆ ತೋರಿಸ್ದೆ? ಅವಳ ಮೇಲಿನ ಹೊಟ್ಟೆಕಿಚ್ಚಿಗೆ.” ಅವಳು ಇಷ್ಟು ಮಾತು ಒಟ್ಟಿಗೆ ಆಡುವವಳಲ್ಲ. “ಸಾಕು. ಅವಳಿಗೆ ಹೇಳಿ ಕಳಿಸು, ಬರ್ತೀನಿ ಅಂತ. ಮೂಲೆಲಿ ಕೂರ್ತೀನಿ. ನಂಗೆ ಅದೇ ಸರಿ.”

ಪುಟ ತೆಗೆದೆ. ಹೇಳಿ ಮಾತ್ರ ಕಳಿಸಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ತಳ್ಳಿದೆ. ಹೊಸ ಮುಖಗಳು ಬಂದಷ್ಟೇ ಬೇಗ ಮಾಯವಾದವು. ಅತ್ತಿಗೆ ಅಪ್ಪನ ಕಾಲದ ಸೂಜಿ ಡಬ್ಬಿಗಳನ್ನು ಒರೆಸಿ ಒಂದು ಚೀಲಕ್ಕೆ ಹಾಕಿಟ್ಟಳು. ಆ ಚೀಲ ಕಂಡಾಗಲೆಲ್ಲ ನನಗೆ ಅದನ್ನು ಒದೆಯಬೇಕು ಅನ್ನಿಸುತ್ತಿತ್ತು. ಹೋಗುವವಳು ಅವಳು, ಗೆಲ್ಲುವವಳು ಮಹಾರಾಣಿ. ನನ್ನ ಹೆಸರು ಯಾರ ಬಾಯಲ್ಲೂ ಇಲ್ಲ.

ಕರಾರು ಮುಗಿಯಲು ಇನ್ನೇನು ಎರಡು ದಿನ ಇದೆ ಅನ್ನುವಾಗ ಮಹಾರಾಣಿ ತಾನಾಗಿಯೇ ಬಂದಳು. ನಡೆದುಕೊಂಡು ಬಂದಿದ್ದಳು, ಬೆವರಿ ಮುಖದ ಬಣ್ಣವೆಲ್ಲ ಇಳಿದಿತ್ತು. ಕೌಂಟರಿನ ಮೇಲೆ ಒಂದು ಚೀಲ ಇಟ್ಟು ಒಳಗಿನಿಂದ ಕೋಟು ತೆಗೆದಳು. ಕೆಂಪು ಒಳಬಟ್ಟೆ.

“ಮೇಷ್ಟ್ರು ನನ್ನ ಹತ್ರ ಬಂದಿದ್ರು” ಅಂದಳು. “ಹೇಗಿದ್ರೂ ಎಲ್ರಿಗೂ ಗೊತ್ತಾಯ್ತು, ಎದ್ದು ಕಾಣೋ ಹಾಗೆ ಏನಾದ್ರೂ ಹಾಕ್ಕೊಡಮ್ಮ, ಆಗ ಹುಡುಕೋದಾದ್ರೂ ಬಿಡ್ತಾರೆ ಅಂದ್ರು.”

ಅತ್ತಿಗೆ ಗೋಡೆ ಹಿಡಿದು ನಿಂತಳು. ಅವಳ ಕೆಲಸದ ಮೇಲೆ ಹಳದಿ ಹಕ್ಕಿ ಬಂದು ಕೂರುವುದನ್ನು ನಾನು ಮನಸ್ಸಿನಲ್ಲೇ ಕಂಡೆ. ನನ್ನ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

“ಹಾಕು ಮತ್ತೆ. ಇಲ್ಲಿಗೆ ಯಾಕೆ ತಂದೆ? ಮೆರೆಸೋಕಾ?” ಅಂದೆ ನಾನು.

ಅವಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ತೂತಿಲ್ಲದ ಜಾಗದ ಮೇಲೆ ತೇಪೆ ಹಾಕಿದ್ರೆ ಅಪ್ಪ ಕೈ ಮುರಿಯೋರು. ನೀನು ಮಾಡಿದ ಜಾಗದ ಮೇಲೇ ಹಾಕ್ಬೇಕು. ಮೇಷ್ಟ್ರಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ನೋಡ್ತಿದ್ದೀನಿ ಅಕ್ಕ. ಲೆನ್ಸ್ ಇಟ್ಟು ನೋಡ್ದೆ, ಬಿಸಿಲಿಗೆ ಹಿಡಿದು ನೋಡ್ದೆ, ಕಣ್ಣು ಮುಚ್ಚಿ ಬೆರಳಲ್ಲಿ ನೋಡ್ದೆ. ಸಿಗ್ತಿಲ್ಲ.”

ಆಚೆ ಜೆರಾಕ್ಸ್ ಮೆಷಿನ್ ನಿಂತಿತ್ತು, ಅವನು ಕೇಳಿಸಿಕೊಳ್ಳುತ್ತಿದ್ದ.

“ಇನ್ನೊಂದ್ಸಲ ಹೇಳು” ಅಂದಳು ಅತ್ತಿಗೆ.

“ಸಿಗ್ತಿಲ್ಲ ಅಕ್ಕ.”

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು. 

ನಾನು ಸುಮ್ಮನಿರದೆ ಫೋನು ಕೈಗೆ ತೆಗೆದುಕೊಂಡಿದ್ದೆ. ಮಹಾರಾಣಿ ಸೋತು ನಿಂತದ್ದನ್ನು ಊರೇ ನೋಡಲಿ ಅಂತ. ಅತ್ತಿಗೆ ಕೈ ಚಾಚಿ ಫೋನನ್ನು ಮಗುಚಿ ಹಾಕಿದಳು. “ಬೇಡ ಕಣೇ. ಇದು ನಂಗೊಬ್ಬಳಿಗೇ.”

ತಂಗಿ ಕೌಂಟರಿಗೆ ಒರಗಿ ಹೇಳಿದಳು: “ಅಪ್ಪ ನಮ್ಮಿಬ್ರಿಗೂ ಒಂದೇ ಥರ ಬಟ್ಟೆ ಹರಿದು ಕೊಡೋರು, ನೆನಪಿದ್ಯಾ? ನಂದು ಅಂದ್ರೆ ಮುಟ್ಟಿದ ಕೂಡ್ಲೇ ಇಲ್ಲಿದೆ ಅನ್ನೋರು. ನಿಂದು ಹುಡುಕಿ ಹುಡುಕಿ ನಗೋರು. ಆ ನಗು ನಂಗೆ ಒಂದು ದಿನಾನೂ ಸಿಗ್ಲಿಲ್ಲ. ಅದಕ್ಕೇ ಕಾಣೋ ಹಾಗೆ ಹೊಲಿಯೋಕೆ ಶುರು ಮಾಡ್ದೆ. ಗೊತ್ತಾಗದ ಹಾಗೆ ಮಾಡ್ಕೊಡಿ ಅಂತ ನನ್ನ ಅಂಗಡಿಗೂ ದಿನಾ ಜನ ಬರ್ತಾರೆ ಅಕ್ಕ. ಆಗಲ್ಲ ಅಂತ ಕಳಿಸ್ಬಿಡ್ತೀನಿ. ಗಲ್ಲಿಲಿ ನಮ್ಮಕ್ಕ ಇದ್ದಾಳೆ ಅಂತ ಒಬ್ರಿಗೂ ಹೇಳ್ಲಿಲ್ಲ.”

“ಯಾಕೆ ಹೇಳ್ಲಿಲ್ಲ?” ಅಂದೆ ನಾನು.

“ನೀನ್ಯಾಕೆ ನನ್ನ ವೀಡಿಯೊಗೆ ಒಂದು ಹೃದಯ ಒತ್ಲಿಲ್ಲ? ಅದಕ್ಕೇ.”

ನೋಡುತ್ತಿದ್ದಳು ಹಾಗಾದರೆ, ಯಾರು ಒತ್ತಿದರು, ಯಾರು ಒತ್ತಲಿಲ್ಲ ಅಂತ.

ಮಹಾರಾಣಿ ಮೂಗು ಒರೆಸಿಕೊಂಡಳು. “ಇನ್ಮೇಲೆ ಕಳಿಸ್ತೀನಿ. ನೀನು ನನ್ನ ಮೂಲೆಗೆ ಬರೋದು ಬೇಡ, ಇಲ್ಲೇ ಇರು. ಈಗ ಇದು ಎಲ್ಲಿ ಅಂತ ತೋರಿಸು, ಮೇಷ್ಟ್ರು ಸಂಜೆ ಹೋಟೆಲಿಗೆ ಹೋಗ್ಬೇಕು.”

ಅತ್ತಿಗೆ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಂಗೈ ಇಟ್ಟು ಮೆಲ್ಲಗೆ ಎಳೆದಳು, ಕಿಟಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಹಿಡಿದಳು. ಆಮೇಲೆ ನಗತೊಡಗಿದಳು. ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸಿಕೊಂಡು ನಕ್ಕಳು. “ನಂಗೂ ಸಿಗ್ತಿಲ್ಲ ಕಣೇ. ಇವಳನ್ನ ಕೇಳು. ದಾರ ಕಟ್ಟೋಳು ಇವಳು. ಇವಳಿಲ್ಲದೆ ನಂಗೆ ತೂತು ಎಲ್ಲಿ ಗೊತ್ತಾಗತ್ತೆ?”

ಅಕ್ಕ ತಂಗಿ ಇಬ್ಬರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಆ ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅತ್ತಿಗೆ ನಿಜವಾಗಿ ಕಾಣದೆ ಕೇಳಿದಳೋ, ಕಂಡೂ ಕೇಳಿದಳೋ, ಇವತ್ತಿಗೂ ನಾನು ವಿಚಾರಿಸಿಲ್ಲ.

ಎಡಗಡೆ ಎದೆಯ ಮೇಲೆ, ಮೇಷ್ಟ್ರು ಪಿಟೀಲು ಒತ್ತಿಕೊಳ್ಳುವ ಜಾಗಕ್ಕಿಂತ ಒಂದು ಬೆರಳು ಕೆಳಗೆ. ಕತ್ತಲೆಯಲ್ಲಿ ಕೊಟ್ಟರೂ ನನ್ನ ಕೈ ಅಲ್ಲಿಗೇ ಹೋಗುತ್ತದೆ.

“ನೆನಪಿಲ್ಲ” ಅಂದೆ.

“ನಿಂಗೆ ನೆನಪಿಲ್ವಾ?” ಅಂದಳು ತಂಗಿ. “ಯಾರ ಬಟ್ಟೆಲಿ ಎಲ್ಲಿ ಹರಿದಿತ್ತು ಅಂತ ಬೀದಿ ತುಂಬ ನೋಡ್ಕೊಂಡು ಓಡಾಡೋಳಿಗೆ?”

“ವಯಸ್ಸಾಯ್ತು.”

“ಮೇಷ್ಟ್ರಿಗೆ ಏನಂತ ಹೇಳ್ಲಿ ಈಗ?”

“ನಮ್ಮ ಮೂವರಿಗೂ ಸಿಗ್ಲಿಲ್ಲ ಅಂತ ಹೇಳು” ಅಂದಳು ಅತ್ತಿಗೆ. “ನಮಗೇ ಸಿಗ್ದೇ ಇದ್ದದ್ದು ಇನ್ಯಾರಿಗೂ ಸಿಗಲ್ಲ, ಧೈರ್ಯವಾಗಿ ಹಾಕ್ಕೊಳ್ಳಿ ಅಂತ ಹೇಳು. ನಾಳೆ ನಾನೇ ಹೋಗಿ ಅವರ ಕಾಲಿಗೆ ಬೀಳ್ತೀನಿ.”

ನಾನು ಒಂದು ಹಳೇ ಪೇಪರು ಹುಡುಕಿ ಕೋಟನ್ನು ಸುತ್ತಿ, ಬಿಳಿ ದಾರದಲ್ಲಿ ಬಿಗಿಯಾಗಿ ಕಟ್ಟಿ ಕೊಟ್ಟೆ. ಅತ್ತಿಗೆ ಸೂಜಿ ಡಬ್ಬಿಗಳನ್ನು ಚೀಲದಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಜೋಡಿಸುತ್ತಿದ್ದಳು, ಮತ್ತೆ ಆ ಶ್ರುತಿಯಿಲ್ಲದ ಗುನುಗು. ತಂಗಿ ಮೆಟ್ಟಿಲ ಮೇಲೆ ನಿಂತು ಅದನ್ನು ಸ್ವಲ್ಪ ಹೊತ್ತು ಕೇಳಿದಳು.

“ಅಕ್ಕ ನನ್ನ ಜೊತೆ ಇದ್ದಾಗ ಯಾವತ್ತೂ ಹಿಂಗೆ ಹಾಡ್ಲಿಲ್ಲ” ಅಂದಳು ನನಗೆ. ಅವಳ ಮುಖದಲ್ಲಿ ಇದ್ದದ್ದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖವೇ ಅದು. ಪಾಪ ಅನ್ನಿಸಿತು, ಒಂದೇ ಒಂದು ಚಣ.

ಗಲ್ಲಿಯ ತಿರುವಿನವರೆಗೆ ಹೋದವಳು ವಾಪಸ್ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: “ನಿಜ ಹೇಳು. ನಿಂಗೆ ನೆನಪಿಲ್ವಾ?”

“ಇಲ್ಲ” ಅಂದೆ. “ನಿನ್ನಾಣೆ.”

ನನ್ನಾಣೆ ಅಂತ ಹೇಳುವಷ್ಟು ಪೆದ್ದಿ ನಾನಲ್ಲ.